ಗೋವೈದ್ಯದ ಹಸ್ತಪ್ರತಿಗಳಲ್ಲಿ ಚರ್ಮರೋಗ: ಪಾಠನಿರ್ಣಯವೂ ರೋಗನಿರ್ಣಯವೂ

೧

ವ್ಯಾಕರಣ, ಛಂದಸ್ಸು, ಗಣಿತ, ಜ್ಯೋತಿಷ, ವೈದ್ಯ ಮೊದಲಾದ ಶಾಸ್ತ್ರಗಳನ್ನು ಕನ್ನಡಕ್ಕೆ ತಂದ ಕಾರ್ಯದಲ್ಲಿ ಜೈನ ಗ್ರಂಥಕರ್ತರ ಪಾಲು ಹಿರಿದೆಂಬುದು ವಿದ್ವಾಂಸರಿಗೆ ವಿದಿತವಾದ ಸಂಗತಿ. ಪ್ರಾಣಿವೈದ್ಯವೂ ಇದಕ್ಕೆ ಹೊರತಲ್ಲ. ಕ್ರಿ.ಶ. ಸುಮಾರು ೧೧೨೫ರ ಕೀರ್ತಿವರ್ಮನ ‘ಗೋವೈದ್ಯ’ ಕನ್ನಡದ ಪಶುವೈದ್ಯ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದೆಂದು ಪರಿಗಣಿತವಾಗಿದೆ. ಈತ ಜೈನ, ಚಾಳುಕ್ಯ ರಾಜವಂಶದವನೆಂದೂ ಆರನೆಯ ವಿಕ್ರಮಾದಿತ್ಯನ ಸೋದರನೆಂದೂ ಸಾಹಿತ್ಯಚರಿತ್ರೆಗಳು ಇವನನ್ನು ಗುರುತಿಸುತ್ತವೆ. ಇವನಿಗಿಂತ ಒಂದು ಶತಮಾನದಷ್ಟು ಹಿಂದಿನ ‘ಲೋಕೋಪಕಾರ’ದಲ್ಲಿ ಎರಡನೆಯ ಚಾವುಂಡರಾಯನು ಮನುಷ್ಯರ ಚಿಕಿತ್ಸೆಯ ಜೊತೆಗೆ ಪ್ರಾಣಿಗಳ ಚಿಕಿತ್ಸೆಗೂ ಸ್ಥಳ ಕೊಟ್ಟಿದ್ದಾನೆ. ಈ ಚಾವುಂಡರಾಯನು ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ರಚಿಸಿದ ಜೈನ ಸೇನಾನಿಯಲ್ಲವೆಂಬುದನ್ನು ಇಲ್ಲಿಯೇ ನೆನೆಯಬೇಕು. ಕ್ರಿ.ಶ. ೧೪೦೦ರ ಸುಮಾರಿನ ಅಭಿನವಚಂದ್ರನ ‘ಅಶ್ವವೈದ್ಯ’ವೂ ಇದೇ ಪರಂಪರೆಗೆ ಸೇರುತ್ತದೆ.

ಆದರೆ ಈ ಗ್ರಂಥಗಳ ಕುರಿತು ನಡೆದಿರುವ ವಿಚಾರ ಅಲ್ಪ. ೧೯೦೭ರಲ್ಲಿ ಮೊದಲ ಸಂಪುಟ ಹೊರಬಂದ ‘ಕರ್ಣಾಟಕ ಕವಿಚರಿತೆ’ ಇಂಥ ಕೃತಿಗಳ ಅಸ್ತಿತ್ವವನ್ನು ಲೋಕಕ್ಕೆ ತಿಳಿಸಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಅನಂತರ ಬಂದವರು ಬಹುಮಟ್ಟಿಗೆ ಅಷ್ಟಕ್ಕೇ ನಿಂತರು. ‘ಗೋವೈದ್ಯ’ವು ಔಷಧ ಮಂತ್ರಗಳೆರಡನ್ನೂ ಬೆರೆಸಿದ ಗ್ರಂಥವೆಂಬ ಪರಿಚಯವಾಕ್ಯ ಒಂದು ಚರಿತ್ರೆಯಿಂದ ಮತ್ತೊಂದು ಚರಿತ್ರೆಗೆ ಸಾಗಿ ಬಂದಿದೆ. ಈ ವಾಕ್ಯವನ್ನೇ ಆಧಾರವಾಗಿಟ್ಟುಕೊಂಡು ಗೋಚಿಕಿತ್ಸೆಯ ಓಲೆಗಳನ್ನು ಅಲಕ್ಷಿಸುವ ಪ್ರವೃತ್ತಿ ಒಂದು ಕಡೆ ಬೆಳೆಯಿತು. ಇದಕ್ಕೆ ಪ್ರತಿಕ್ರಿಯೆಯೆಂಬಂತೆ, ಪ್ರಾಚೀನರಿಗೆ ರೋಗಾಣುಗಳ ಜ್ಞಾನ ಪೂರ್ಣವಾಗಿಯೇ ಇತ್ತೆಂದು ಸಾರುವ ಪ್ರವೃತ್ತಿ ಇನ್ನೊಂದು ಕಡೆ ತಲೆದೋರಿತು. ಮೇಲುನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧ. ಆದರೆ ದೋಷ ಒಂದೇ. ಎರಡೂ ಓಲೆಯನ್ನು ಓದುವ ಮೊದಲೇ ತೀರ್ಪನ್ನು ಕೊಟ್ಟುಬಿಡುತ್ತವೆ.

ಈ ದೋಷ ಅತ್ಯಂತ ಸ್ಪಷ್ಟವಾಗಿ ಕಾಣುವುದು ದನಗಳ ಚರ್ಮರೋಗಗಳ ಪ್ರಕರಣದಲ್ಲಿ. ಜ್ವರ, ಅಜೀರ್ಣಗಳಂತೆ ಒಳಗೆ ಅಡಗದೆ ಚರ್ಮರೋಗ ಕಣ್ಣಿಗೆ ಕಾಣುತ್ತದೆ. ಆದಕಾರಣ ಅದನ್ನು ಗುರುತಿಸುವುದು ಸುಲಭವೆಂಬ ಭ್ರಮೆ ಹುಟ್ಟುತ್ತದೆ. ಪಾಠವನ್ನು ನಿರ್ಣಯಿಸದೆ ರೋಗವನ್ನು ನಿರ್ಣಯಿಸಲಾಗದು, ರೋಗಲಕ್ಷಣವನ್ನು ಅರಿಯದೆ ಪಾಠವನ್ನೂ ನಿರ್ಣಯಿಸಲಾಗದು ಎಂಬ ಮಾತು ಇಲ್ಲಿ ಸಿದ್ಧವಾಗುವಷ್ಟು ಬೇರೆಡೆ ಆಗದು.

೨

ಮೊದಲು ಶಬ್ದಗಳನ್ನು ಪರಿಶೀಲಿಸಬೇಕು. ‘ಪುಣ್’, ‘ಕುರು’, ‘ಬಾವು’, ‘ಕಜ್ಜಿ’, ‘ತುರಿ’, ‘ಪುೞು’ ಇವು ಚರ್ಮದ ವಿಕಾರಗಳನ್ನು ಹೇಳುವ ಕನ್ನಡ ಶಬ್ದಗಳು. ಇವುಗಳಲ್ಲಿ ಯಾವುದೂ ಇಂದಿನ ಅರ್ಥದಲ್ಲಿ ಒಂದು ನಿರ್ದಿಷ್ಟ ರೋಗದ ಹೆಸರಲ್ಲ. ಚರ್ಮ ಒಡೆದಿದೆ, ಉಬ್ಬಿದೆ, ಕೀವುಗಟ್ಟಿದೆ, ನವೆಯಾಗುತ್ತಿದೆ ಎಂಬ ಲಕ್ಷಣಗಳನ್ನಷ್ಟೇ ಇವು ಸೂಚಿಸುತ್ತವೆ. ಇದರ ಮೇಲೆ ಲಿಪಿಕಾರರ ಕಾಲದ ವರ್ಣವ್ಯತ್ಯಾಸಗಳು ಸೇರುತ್ತವೆ. ಹಳಗನ್ನಡದ ‘ಕುರು’ ಎಂದರೆ ಗುಳ್ಳೆ ಅಥವಾ ಬೊಕ್ಕೆ. ‘ಕುಱು’ ಎಂದರೆ ಚಿಕ್ಕದು, ಗಿಡ್ಡದು. ಶಕಟರೇಫ ಬಳಕೆಯಿಂದ ಜಾರಿದ ಬಳಿಕ ಎರಡೂ ಒಂದೇ ರೂಪದಲ್ಲಿ ಬರೆಯಲ್ಪಟ್ಟವು. ಕರುವಿನ ಮೈಮೇಲೆ ‘ಕುರು’ ಎದ್ದಿದೆಯೋ ಅಥವಾ ಬೇರೊಂದು ಪದಕ್ಕೆ ‘ಕುಱು’ ವಿಶೇಷಣವಾಗಿದೆಯೋ ಎಂಬುದನ್ನು ವಾಕ್ಯದ ಅನ್ವಯದಿಂದಲೇ ತಿಳಿಯಬೇಕಾಗುತ್ತದೆ. ಎಕಾರ ಏಕಾರಗಳನ್ನು, ಒಕಾರ ಓಕಾರಗಳನ್ನು ಬೇರ್ಪಡಿಸದ ಓಲೆಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ.

ಶಬ್ದವು ನಿಶ್ಚಿತವಾದರೂ ರೋಗವು ನಿಶ್ಚಿತವಾಗುವುದಿಲ್ಲ. ‘ಹುಣ್ಣು’ ಎಂಬ ಒಂದೇ ಮಾತಿನ ಕೆಳಗೆ ಇಂದಿನ ಪಶುವೈದ್ಯಶಾಸ್ತ್ರ ಬೇರ್ಪಡಿಸುವ ಅವಸ್ಥೆಗಳನ್ನು ಗಮನಿಸಿದರೆ ಇದು ವಿಶದವಾಗುತ್ತದೆ. ಮಳೆಗಾಲದಲ್ಲಿ ಮೈ ಒಣಗದೆ ನೆನೆದ ದನದ ಬೆನ್ನಿನ ಮೇಲೆ ಕೂದಲುಗಳು ಕುಂಚದಂತೆ ಒಂದಕ್ಕೊಂದು ಅಂಟಿ, ಅವುಗಳ ಬುಡದಲ್ಲಿ ದಪ್ಪ ಹಕ್ಕಳೆ ಕಟ್ಟಿ, ಹಕ್ಕಳೆಯನ್ನು ಎತ್ತಿದರೆ ಕೆಳಗೆ ಹಸಿಯಾದ ಕೀವು ಕಾಣಿಸಿಕೊಂಡರೆ, ಅದು ಡರ್ಮಟೋಫಿಲಸ್ ಕಾಂಗೋಲೆನ್ಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದಿರುವ ಸಂಭವ ಹೆಚ್ಚು. ೧೯೧೫ರಲ್ಲಿ ಕಾಂಗೋ ದೇಶದಲ್ಲಿ ಮೊದಲು ವರ್ಣಿತವಾದುದರಿಂದ ಅದಕ್ಕೆ ಈ ಹೆಸರು ಬಂದಿತು. ಕೆಚ್ಚಲಿನ ಮೇಲೆ, ಬಾಲದ ಬುಡದಲ್ಲಿ, ಒಂದೊಂದು ಕೂದಲಿನ ಬುಡಕ್ಕೂ ಒಂದೊಂದು ಸಣ್ಣ ಕೀವುಗುಳ್ಳೆ ಎದ್ದರೆ ಅದು ಸ್ಟೆಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾದಿಂದ ಆದ ಕೂದಲುಗುಳಿಯ ಉರಿಯೂತ. ಗೊರಸಿನ ಸಂದಿಯಲ್ಲಿ ಚರ್ಮ ಕೊಳೆತು ದುರ್ಗಂಧ ಬೀರಿ ದನ ಕುಂಟತೊಡಗಿದರೆ ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೋರಂ ಮುಖ್ಯ ಕಾರಣ. ಮುಳ್ಳು ಚುಚ್ಚಿದ ಅಥವಾ ತಿವಿತದ ಗಾಯದ ಜಾಗದಲ್ಲಿ ಬಾವು ಮೆಲ್ಲನೆ ಹಣ್ಣಾಗಿ ಗಟ್ಟಿ ಕೀವು ತುಂಬಿದರೆ ಟ್ರೂಪೆರೆಲ್ಲಾ ಪಯೋಜಿನಿಸ್ ಎಂಬುದನ್ನು ಶಂಕಿಸಬೇಕಾಗುತ್ತದೆ.

ಇವೆಲ್ಲವೂ ಬ್ಯಾಕ್ಟೀರಿಯಾದಿಂದ ಆಗುವವು. ಆದರೆ ಇವನ್ನೇ ಹೋಲುವ, ಬ್ಯಾಕ್ಟೀರಿಯಾದಿಂದ ಆಗದ ವಿಕಾರಗಳೂ ಇವೆ. ಕರುಗಳ ಕಣ್ಣಿನ ಸುತ್ತ ಬೂದುಬಣ್ಣದ ದುಂಡನೆಯ ಹೆಪ್ಪುಗಳಾಗಿ ಕಾಣುವ ಹುಳುಕಡ್ಡಿಗೆ ಹೆಸರಿನಲ್ಲಿ ಹುಳುವಿದ್ದರೂ ಕಾರಣ ಶಿಲೀಂಧ್ರ. ತೀವ್ರ ನವೆಯಿಂದ ದನ ಕಂಬಕ್ಕೆ ಮೈ ಉಜ್ಜಿ ಚರ್ಮ ದಪ್ಪಗಾದರೆ ಅದು ಬರಿಗಣ್ಣಿಗೆ ಕಾಣದ ಸಣ್ಣ ಉಣ್ಣೆಜಾತಿಯ ಜೀವಿಗಳಿಂದ ಆದ ಕಜ್ಜಿ. ಎತ್ತಿನ ಹಿಣಿಲಿನ ಮೇಲೆ ವರ್ಷಗಟ್ಟಲೆ ಮಾಯದೆ ಉಳಿಯುವ ಒಂದು ಬಗೆಯ ಹುಣ್ಣಿಗೆ ನೊಣಗಳಿಂದ ಹರಡುವ ಸ್ಟೆಫನೋಫೈಲೇರಿಯಾ ಎಂಬ ನೂಲಿನಂಥ ಹುಳು ಕಾರಣ. ೧೯೨೯ರಲ್ಲಿ ಜಾಂಬಿಯಾ ಪ್ರದೇಶದಲ್ಲಿ ಗುರುತಿಸಲ್ಪಟ್ಟು, ೨೦೧೯ರಲ್ಲಿ ಒಡಿಶಾದ ಮೂಲಕ ಭಾರತದಲ್ಲಿ ಕಾಣಿಸಿಕೊಂಡು, ೨೦೨೨ರಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಅಪಾರ ಗೋಹಾನಿ ಮಾಡಿದ ಚರ್ಮಗಂಟು ರೋಗಕ್ಕೆ ಕಾರಣ ವೈರಸ್. ಆ ಗಂಟುಗಳು ಒಡೆದು ಹುಣ್ಣಾದ ಮೇಲೆ ಅವುಗಳಲ್ಲಿ ಬ್ಯಾಕ್ಟೀರಿಯಾ ಸೇರುತ್ತದೆ. ಆಗ ಕೊಡುವ ಜೀವಿರೋಧಕ ಔಷಧ ಆ ಎರಡನೆಯ ಸೋಂಕನ್ನು ತಡೆಯುತ್ತದೆಯೇ ಹೊರತು ಮೂಲರೋಗವನ್ನಲ್ಲ.

ಹೀಗಿರುವಾಗ ಓಲೆಯಲ್ಲಿ ‘ಪುಣ್’ ಎಂಬ ಶಬ್ದ ಕಂಡೊಡನೆ ಅಡಿಟಿಪ್ಪಣಿಯಲ್ಲಿ ಒಂದು ಬ್ಯಾಕ್ಟೀರಿಯಾದ ಹೆಸರನ್ನು ಬರೆದುಬಿಡುವುದು ಸಂಶೋಧನೆಯೆನಿಸದು. ಅಂಥ ಟಿಪ್ಪಣಿ ಓದುಗನಿಗೆ ತಿಳಿವಿನ ತೋರಿಕೆಯನ್ನು ಕೊಡುತ್ತದೆ, ತಿಳಿವನ್ನು ಕೊಡುವುದಿಲ್ಲ.

೩

ಈ ಬಗೆಯ ಸಂದಿಗ್ಧವನ್ನು ಪಶುವೈದ್ಯರು ಬಿಡಿಸಿಕೊಳ್ಳುವ ಕ್ರಮವನ್ನು ಹಸ್ತಪ್ರತಿ ಸಂಪಾದಕರು ಗಮನಿಸುವುದು ಉಪಯುಕ್ತ. ಪಶುವೈದ್ಯನು ಮೊದಲು ಹೆಸರನ್ನು ಕೇಳುವುದಿಲ್ಲ. ಹುಣ್ಣು ಮೈಯ ಯಾವ ಭಾಗದಲ್ಲಿದೆ, ದನದ ವಯಸ್ಸೆಷ್ಟು, ಕಾಲ ಯಾವುದು, ನವೆಯಿದೆಯೋ ನೋವಿದೆಯೋ, ಕೀವಿದೆಯೋ ಹಕ್ಕಳೆಯಿದೆಯೋ, ಕೊಟ್ಟಿಗೆಯ ಉಳಿದ ದನಗಳಿಗೂ ಹರಡಿದೆಯೋ ಎಂಬ ಪ್ರಶ್ನೆಗಳನ್ನು ಕೇಳುತ್ತಾನೆ. ಬಳಿಕ ಕೈಯಿಂದ ಮುಟ್ಟಿ ನೋಡುತ್ತಾನೆ. ಎಳೆಯ ದನದ ತೊಡೆಯ ಮೇಲಿನ ಬಾವನ್ನು ಒತ್ತಿದಾಗ ಒಳಗೆ ಗಾಳಿಯಿದ್ದಂತೆ ಚರಚರ ಸದ್ದಾದರೆ ಅದು ಚರ್ಮರೋಗವೇ ಅಲ್ಲ. ಮಾಂಸಖಂಡವನ್ನು ಹಿಡಿಯುವ ಚಪ್ಪೆಬೇನೆ. ಅದರ ಕಾರಣ ಕ್ಲಾಸ್ಟ್ರಿಡಿಯಂ ಚೋವಿ ಎಂಬ ಬ್ಯಾಕ್ಟೀರಿಯಾ. ಅಲ್ಲಿ ಮೇಲೆ ಹಚ್ಚುವ ಲೇಪ ನಿರರ್ಥಕ, ತಡವಾದ ಒಂದೊಂದು ಗಂಟೆಯೂ ಪ್ರಾಣಾಂತಿಕ.

ಮುಟ್ಟಿ ನೋಡಿದ ಮೇಲೂ ಸಂದೇಹ ಉಳಿದರೆ ಸಾಕ್ಷ್ಯ ಸಂಗ್ರಹಕ್ಕೆ ತೊಡಗಬೇಕಾಗುತ್ತದೆ. ಬಾವಿಗೆ ಸೂಜಿಯಿಕ್ಕಿ ಒಳಗಿರುವುದು ಕೀವೋ ರಕ್ತವೋ ಎಂದು ನೋಡುವುದು, ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು, ಹಕ್ಕಳೆಯನ್ನು ನೀರಿನಲ್ಲಿ ಮೆದುಗೊಳಿಸಿ ಗಾಜಿನ ಮೇಲೆ ಸವರಿ ಬಣ್ಣ ಹಾಕುವುದು ಇವೇ ಆ ಕ್ರಮಗಳು. ಮೇಲೆ ಹೇಳಿದ ಡರ್ಮಟೋಫಿಲಸ್ ಇದ್ದರೆ ದುಂಡನೆಯ ಕಣಗಳು ರೈಲುಹಳಿಗಳಂತೆ ಜೊತೆಜೊತೆಯಾಗಿ ಸಾಲುಗಟ್ಟಿ ಕಾಣುತ್ತವೆ. ಸ್ಟೆಫಿಲೋಕಾಕಸ್ ಇದ್ದರೆ ದ್ರಾಕ್ಷಿಯ ಗೊಂಚಲಿನಂತೆ ಗುಂಪುಗೂಡಿ ಕಾಣುತ್ತವೆ. ಕೊನೆಗೆ ಕೀವಿನಿಂದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಯಾವ ಔಷಧಕ್ಕೆ ಅದು ಮಣಿಯುತ್ತದೆಂದು ಪರೀಕ್ಷಿಸಲಾಗುತ್ತದೆ. ಹೀಗೆ ಪರೀಕ್ಷಿಸದೆ ಮನಬಂದ ಔಷಧವನ್ನು ಕೊಟ್ಟರೆ, ಅಥವಾ ಹುಣ್ಣು ಮಾಯುವಂತೆ ತೋರಿದೊಡನೆ ಅರ್ಧಕ್ಕೆ ನಿಲ್ಲಿಸಿದರೆ, ಉಳಿದ ಬ್ಯಾಕ್ಟೀರಿಯಾಗಳು ಆ ಔಷಧವನ್ನು ಎದುರಿಸುವ ಶಕ್ತಿ ಪಡೆಯುವ ಅಪಾಯವಿದೆ. ಔಷಧ ಕೊಟ್ಟ ಹಸುವಿನ ಹಾಲನ್ನು ನಿಯಮಿತ ದಿನಗಳವರೆಗೆ ಬಳಸಬಾರದೆಂಬ ನಿಯಮವೂ ಇದಕ್ಕೆ ಸೇರಿದುದೇ.

ಒಂದು ಅಪವಾದವನ್ನು ಮಾತ್ರ ಮರೆಯುವಂತಿಲ್ಲ. ದನ ಹಠಾತ್ತನೆ ಸತ್ತು, ಮೂಗು ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗವನ್ನು ಶಂಕಿಸಬೇಕು. ಆ ಶವವನ್ನು ಕೊಯ್ಯಬಾರದು, ಚರ್ಮವನ್ನು ಸುಲಿಯಬಾರದು. ೧೮೭೬ರಲ್ಲಿ ರಾಬರ್ಟ್ ಕಾಖ್ ಇದೇ ರೋಗದ ಬ್ಯಾಕ್ಟೀರಿಯಾದ ಜೀವನಕ್ರಮವನ್ನು ನಿರೂಪಿಸಿ, ಒಂದು ರೋಗಕ್ಕೆ ಒಂದು ನಿರ್ದಿಷ್ಟ ರೋಗಾಣು ಕಾರಣವೆಂಬುದನ್ನು ಪ್ರಯೋಗದಿಂದ ಸ್ಥಾಪಿಸಿದನು. ಗಾಳಿಗೆ ತೆರೆದುಕೊಂಡ ಈ ಬ್ಯಾಕ್ಟೀರಿಯಾ ಬೀಜಕಗಳಾಗಿ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಮನುಷ್ಯರ ಚರ್ಮಕ್ಕೂ ಹತ್ತುತ್ತದೆ.

ಪಾಠಶೋಧನೆಯ ಕ್ರಮ ಇದಕ್ಕಿಂತ ಭಿನ್ನವಾದುದೇನಲ್ಲ. ಅಲ್ಲಿಯೂ ಮೊದಲು ಸಾಕ್ಷ್ಯ, ಅನಂತರ ಹೋಲಿಕೆ, ಕಟ್ಟಕಡೆಗೆ ಹೆಸರು. ಒಂದೇ ಪ್ರತಿಯನ್ನು ನೋಡಿ ಪಾಠವನ್ನು ನಿರ್ಧರಿಸುವ ಸಂಪಾದಕನು ಒಂದೇ ನೋಟದಲ್ಲಿ ಔಷಧ ಬರೆಯುವ ವೈದ್ಯನಿಗೆ ಸಮಾನ.

೪

ರೋಗದ ಹೆಸರಿನಲ್ಲಿ ತಪ್ಪಿದರೆ ಜ್ಞಾನಕ್ಕೆ ಹಾನಿ. ಔಷಧದ ಹೆಸರಿನಲ್ಲಿ ತಪ್ಪಿದರೆ ಪ್ರಾಣಕ್ಕೇ ಹಾನಿ. ಹುಣ್ಣಿನ ಲೇಪವೊಂದನ್ನು ಹೇಳುವ ಓಲೆಯ ಅಂಚು ಮುರಿದು, ದ್ರವ್ಯದ ಹೆಸರಿನಲ್ಲಿ ‘ಹರಿ’ ಎಂಬ ಎರಡು ಅಕ್ಷರಗಳಷ್ಟೇ ಉಳಿದಿವೆಯೆಂದು ಭಾವಿಸಬಹುದು. ‘ಹರಿದ್ರಾ’ ಎಂದು ತುಂಬಿದರೆ ಅದು ಅರಿಸಿನ. ‘ಹರಿತಾಳ’ ಎಂದು ತುಂಬಿದರೆ ಅದು ಶಂಖಪಾಷಾಣದ ವರ್ಗಕ್ಕೆ ಸೇರಿದ, ಆರ್ಸೆನಿಕ್ ಮತ್ತು ಗಂಧಕಗಳು ಕೂಡಿದ ಖನಿಜ. ಎರಡೂ ಹಳದಿ, ಎರಡೂ ಚರ್ಮದ ಲೇಪಗಳಲ್ಲಿ ಪ್ರಸಿದ್ಧ. ಆದ್ದರಿಂದ ಪ್ರಕರಣದ ಔಚಿತ್ಯ ಎರಡಕ್ಕೂ ಒಪ್ಪುತ್ತದೆ. ದನವು ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ; ಅದಕ್ಕೆ ಹೊರಗೆ ಹಚ್ಚಿದ ಲೇಪ ಒಳಗೆ ಕೊಟ್ಟ ಔಷಧಕ್ಕೆ ಸಮವಾಗುತ್ತದೆ. ಮೊದಲ ಪಾಠದಲ್ಲಿ ಹಸು ಉಳಿಯುತ್ತದೆ; ಎರಡನೆಯ ಪಾಠದಲ್ಲಿ ಸಾಯಲೂಬಹುದು.

ಛಂದಸ್ಸು ಇಲ್ಲಿ ನೆರವಾಗುವುದೇ ಎಂದು ಕೇಳಬಹುದು. ಸಮಾಸದ ಪೂರ್ವಪದವಾಗಿ ‘ಹರಿದ್ರಾ’ ಐದು ಮಾತ್ರೆ. ಮುಂದಣ ಅಕ್ಷರ ಒತ್ತಕ್ಷರವಲ್ಲದಾಗ ‘ಹರಿತಾಳ’ವೂ ಐದು ಮಾತ್ರೆ. ಬರಿಯ ಎಣಿಕೆಯಿಂದ ನಿರ್ಣಯವಾಗದು. ಆದರೆ ಕಂದಪದ್ಯದಲ್ಲಿ ಗಣವಿಭಾಗವನ್ನು ನೋಡಿದರೆ ಒಂದು ದಾರಿ ತೆರೆಯುತ್ತದೆ. ಲಘು, ಗುರು, ಗುರುಗಳಿರುವ ‘ಹರಿದ್ರಾ’ ನಾಲ್ಕು ಮಾತ್ರೆಯ ಗಣದ ಆದಿಯಲ್ಲಿ ನಿಲ್ಲಲಾರದು. ‘ಹರಿತಾ’ ಎಂಬುದು ಸಗಣವಾಗಿ ಅಲ್ಲಿ ನಿರಾಯಾಸವಾಗಿ ನಿಲ್ಲುತ್ತದೆ. ‘ಹರೀತಕಿ’, ಎಂದರೆ ಅಳಲೆಕಾಯಿ, ಎಂದು ತುಂಬುವವರಿಗೆ ಅದು ಗಣಾದಿಯಲ್ಲಿ ಜಗಣವಾಗುವುದರಿಂದ ವಿಷಮಸ್ಥಾನದಲ್ಲಿ ಸಲ್ಲದೆಂಬ ನಿಯಮ ಎದುರಾಗುತ್ತದೆ. ಹೀಗೆ ಛಂದಸ್ಸು ಕೆಲವು ಪಾಠಗಳನ್ನು ತಳ್ಳಿಹಾಕುತ್ತದೆಯೇ ಹೊರತು ಎಲ್ಲ ಸಂದರ್ಭಗಳಲ್ಲಿಯೂ ಒಂದನ್ನು ಸ್ಥಾಪಿಸುವುದಿಲ್ಲ. ಗದ್ಯದಲ್ಲಿರುವ ಬಿಡಿ ಯೋಗಗಳಲ್ಲಿ ಈ ನೆರವೂ ಇಲ್ಲ. ಅಲ್ಲಿ ಮುರಿದ ಜಾಗವನ್ನು ಮುರಿದಂತೆಯೇ ತೋರಿಸುವುದು ಸಂಪಾದಕನ ಧರ್ಮ. ವಿಷದ್ರವ್ಯಗಳ ವಿಷಯದಲ್ಲಿ ಸ್ಥಾವರ ಜಂಗಮ ವಿಷಗಳೆರಡನ್ನೂ ವಿವೇಚಿಸುವ ಮಂಗರಾಜನ ‘ಖಗೇಂದ್ರಮಣಿದರ್ಪಣ’ವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುವ ಅವಕಾಶವಿರುವಾಗ ಊಹೆಯಿಂದ ತುಂಬುವ ಅವಸರಕ್ಕೆ ಕಾರಣವೇ ಇಲ್ಲ.

ತೂಕಗಳ ಸ್ಥಿತಿಯೂ ಹೀಗೆಯೇ. ಕನ್ನಡದ ೬ ಮತ್ತು ೯ ಅಂಕೆಗಳು ಬರವಣಿಗೆಯಲ್ಲಿ ಬಹಳ ಹತ್ತಿರದ ರೂಪಗಳು. ಹುಳು ತಿಂದ ಒಂದು ರಂಧ್ರ ಒಂದನ್ನು ಇನ್ನೊಂದಾಗಿ ತೋರಿಸಬಲ್ಲದು. ಮೈಲುತುತ್ತದಂಥ ತೀಕ್ಷ್ಣದ್ರವ್ಯವನ್ನು ಇಂದಿಗೂ ಗೊರಸುಗಳನ್ನು ಅದ್ದುವ ನೀರಿನಲ್ಲಿ ಬಳಸುವುದುಂಟು. ಆದರೆ ಆ ನೀರನ್ನೇ ದನ ಕುಡಿದರೆ ಅದು ವಿಷ. ಅಂಥ ದ್ರವ್ಯದ ಅಂಕೆಯಲ್ಲಿ ಸಂದೇಹವಿದ್ದಾಗ ಅದನ್ನು ಮೌನವಾಗಿ ತಿದ್ದುವಂತಿಲ್ಲ.

ಜೈನ ವಿದ್ವಾಂಸರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಇನ್ನೊಂದು ಸ್ಥಳವಿದೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟೇ ಚಿಕಿತ್ಸೆಯನ್ನು ನಿರೂಪಿಸಿದರು; ೧೯೪೦ರಲ್ಲಿ ಸೋಲಾಪುರದಿಂದ ಆ ಗ್ರಂಥ ಅಚ್ಚಾದಂದಿನಿಂದ ಜೈನವೈದ್ಯದ ಲಕ್ಷಣವೆಂದರೆ ಈ ತ್ಯಾಗವೆಂಬುದು ಸುಪ್ರಸಿದ್ಧ. ಇದರಿಂದಾಗಿ ಓಲೆಯೊಂದರಲ್ಲಿ ಗಾಯಕ್ಕೆ ‘ಮಧು’ವನ್ನು ಹೇಳಿದ್ದರೆ ಅದನ್ನು ಪ್ರಕ್ಷಿಪ್ತವೆಂದು ಕಿತ್ತುಹಾಕುವ, ಅಥವಾ ‘ಮಧುಕ’ವೆಂದು ತಿದ್ದುವ ಮನಸ್ಸಾಗುವುದು ಸಹಜ. ‘ಮಧುಕ’ವೆಂದರೆ ಜ್ಯೇಷ್ಠಮಧು, ‘ಮಧೂಕ’ವೆಂದರೆ ಇಪ್ಪೆ, ‘ಮಧು’ವೆಂದರೆ ಜೇನು. ಒಂದು ಅಕ್ಷರ, ಒಂದು ದೀರ್ಘ ಇಷ್ಟರಲ್ಲಿ ಮೂರು ದ್ರವ್ಯಗಳು ಅಡಗಿವೆ. ತಿದ್ದುಪಡಿಗೆ ಪ್ರತ್ಯಂತರದ ಆಧಾರವಿದ್ದರೆ ಅದು ಪಾಠಶೋಧನೆ; ಮತಾಭಿಮಾನವೊಂದೇ ಆಧಾರವಾಗಿದ್ದರೆ ಅದು ಅಸತ್ಯ. ಕರ್ತೃ ಜೈನನಾಗಿದ್ದೂ ಲೋಕರೂಢಿಯ ಯೋಗವನ್ನು ಸಂಗ್ರಹಿಸಿರಬಹುದು. ಜೈನಮಠದ ಭಂಡಾರದಲ್ಲಿ ದೊರೆತ ಓಲೆ ಜೈನೇತರ ಕೃತಿಯೂ ಆಗಿರಬಹುದು. ಈ ಸಾಧ್ಯತೆಗಳನ್ನು ತೆರೆದಿಡುವುದರಿಂದ ಪರಂಪರೆಗೆ ಕುಂದಿಲ್ಲ.

ಮಂತ್ರಭಾಗದ ವಿಷಯದಲ್ಲಿಯೂ ಇದೇ ನ್ಯಾಯ. ಔಷಧವನ್ನಷ್ಟೇ ಅಚ್ಚುಹಾಕಿ ಮಂತ್ರವನ್ನು ಕೈಬಿಟ್ಟರೆ ದೊರೆಯುವುದು ಇಂದಿನ ಅಭಿರುಚಿಗೆ ತಕ್ಕ ಹೊಸ ಗ್ರಂ‌ಥವೇ ಹೊರತು ಹಳೆಯ ಗ್ರಂಥವಲ್ಲ.

೫

ಇನ್ನು ಅತಿಪ್ರಶಂಸೆಯ ಪಕ್ಷವನ್ನು ಪರಿಶೀಲಿಸಬೇಕು. ಆಗಮಗಳಲ್ಲಿ ಹೇಳಿರುವ ನಿಗೋದಜೀವಗಳೇ ಇಂದಿನ ಬ್ಯಾಕ್ಟೀರಿಯಾಗಳು ಎಂಬ ಸಮೀಕರಣ ಉಪನ್ಯಾಸಗಳಲ್ಲಿಯೂ ಲೇಖನಗಳಲ್ಲಿಯೂ ಕೇಳಿಬರುತ್ತದೆ. ಗೋಮ್ಮಟಸಾರದ ಜೀವಕಾಂಡವನ್ನು ಅಭ್ಯಸಿಸಿದವರಿಗೆ ಇದರ ತೊಡಕು ತಾನಾಗಿಯೇ ತಿಳಿಯುತ್ತದೆ. ನಿಗೋದವು ಸಾಧಾರಣ ವನಸ್ಪತಿಕಾಯದ ವರ್ಗ. ಅಲ್ಲಿ ಒಂದೇ ಶರೀರದಲ್ಲಿ ಅನಂತ ಜೀವಗಳಿದ್ದು ಅವುಗಳ ಆಹಾರ, ಶ್ವಾಸೋಚ್ಛ್ವಾಸ, ಜನನ, ಮರಣಗಳು ಸಮಾನ. ಬ್ಯಾಕ್ಟೀರಿಯಾ ಸೂಕ್ಷ್ಮದರ್ಶಕದಿಂದ ಕಂಡುಕೊಂಡ ವರ್ಗ; ಪ್ರತಿಯೊಂದಕ್ಕೂ ತನ್ನದೇ ಕೋಶಭಿತ್ತಿ, ತನ್ನದೇ ಪೋಷಣೆ, ತನ್ನದೇ ವಿಭಜನೆ. ಮೊದಲನೆಯದು ಜೀವದ ಸ್ವರೂಪವನ್ನು ಕುರಿತ ಸಿದ್ಧಾಂತ. ಎರಡನೆಯದು ದೇಹದ ರಚನೆಯನ್ನು ಕುರಿತ ವೀಕ್ಷಣೆ. ಇವೆರಡನ್ನೂ ಒಂದಾಗಿಸಿದರೆ ಸಿದ್ಧಾಂತವೂ ಕೆಡುತ್ತದೆ, ವಿಜ್ಞಾನವೂ ಕೆಡುತ್ತದೆ. ನಾಳೆ ಬ್ಯಾಕ್ಟೀರಿಯಾದ ಕುರಿತ ತಿಳಿವಳಿಕೆ ಬದಲಾದರೆ ಆಗಮವನ್ನು ಬದಲಿಸುವಂತಿಲ್ಲ. ಕಣ್ಣಿಗೆ ಕಾಣದ ಜೀವರಾಶಿಯ ವಿಷಯದಲ್ಲಿ ಜೈನಾಚಾರ್ಯರು ತೋರಿದ ಎಚ್ಚರ ಅಸಾಧಾರಣವಾದುದೆಂದು ಹೇಳಿದರೆ ಸಾಕು. ಅದೇ ಸತ್ಯ, ಅದೇ ಗೌರವ.

ಈ ಸಮೀಕರಣದ ಹಿಂದೆ ಒಂದು ನಿಜವಾದ ಧರ್ಮಸಂದೇಹವೂ ಇದೆಯೆಂಬುದನ್ನು ಮರೆಯಲಾಗದು. ಹುಣ್ಣಿನಲ್ಲಿ ಹುಳು ಬಿದ್ದ ಹಸುವನ್ನು ಉಳಿಸಲು ಆ ಹುಳುಗಳನ್ನು ತೊಲಗಿಸಲೇಬೇಕು. ಬಿಟ್ಟರೆ ಅವು ಜೀವಂತ ಮಾಂಸದೊಳಕ್ಕೆ ಇಳಿಯುತ್ತವೆ. ಗೃಹಸ್ಥನ ಅಣುವ್ರತ ಸಂಕಲ್ಪಪೂರ್ವಕವಾದ ತ್ರಸಹಿಂಸೆಯ ತ್ಯಾಗವೆಂಬುದನ್ನು ಬಲ್ಲ ಸಂಪಾದಕನು ಇಂಥ ಯೋಗಗಳ ಕ್ರಿಯಾಪದಗಳನ್ನು ಬಹಳ ಎಚ್ಚರದಿಂದ ಓದಬೇಕು. ಹುಳು ಬೀಳುವುದು ಎಂಬುದು ಒಂದು ಮಾತು, ಹುಳು ಸಾಯುವುದು ಎಂಬುದು ಇನ್ನೊಂದು ಮಾತು. ಗ್ರಂಥಕಾರನು ಯಾವುದನ್ನು ಆರಿಸಿದ್ದಾನೆಂಬುದು ಅವನ ಧರ್ಮದೃಷ್ಟಿಗೆ ಸಾಕ್ಷ್ಯವಾಗಬಲ್ಲದು. ಅನುವಾದದಲ್ಲಿ ಎರಡನ್ನೂ ‘ಕ್ರಿಮಿನಾಶ’ ಎಂಬ ಒಂದೇ ಪದಕ್ಕೆ ಇಳಿಸಿದರೆ ಆ ಸಾಕ್ಷ್ಯವೇ ನಾಶವಾಗುತ್ತದೆ.

ಅಹಿಂಸೆಯ ಸಂಬಂಧ ಚಿಕಿತ್ಸೆಗಿಂತ ಮೊದಲೇ ಆರಂಭವಾಗುತ್ತದೆಂಬುದೂ ಇಲ್ಲಿ ಸ್ಮರಣೀಯ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು ಎಂಬ ಐದನ್ನು ಎಣಿಸಲಾಗಿದೆ. ಎತ್ತಿನ ಹೆಗಲ ಮೇಲಿನ ನೊಗದ ಹುಣ್ಣು, ಬಿಗಿದ ಹಗ್ಗದಿಂದ ಕೊರಳಲ್ಲಿ ಆದ ಗಾಯ, ಬಾರುಕೋಲಿನ ಏಟು ಇವೆಲ್ಲ ಚರ್ಮ ಒಡೆದು ಬ್ಯಾಕ್ಟೀರಿಯಾ ಒಳಹೊಕ್ಕುವ ದ್ವಾರಗಳು. ಬಾವಿನ ಮೇಲೆ ಕಾದ ಕಬ್ಬಿಣದಿಂದ ಬರೆ ಹಾಕುವ ರೂಢಿಯಿಂದಲೂ ಒಂದು ಹೊಸ ಹುಣ್ಣು ಹುಟ್ಟುತ್ತದೆ. ನೊಗದ ಹುಣ್ಣಿಗೆ ಎಷ್ಟು ಲೇಪ ಹಚ್ಚಿದರೂ ಎತ್ತನ್ನು ದುಡಿತದಿಂದ ಬಿಡಿಸದೆ, ನೊಗವನ್ನು ಸರಿಪಡಿಸದೆ ಅದು ಮಾಯುವುದಿಲ್ಲವೆಂಬುದು ರೈತನಿಗೂ ಗೊತ್ತು, ವೈದ್ಯನಿಗೂ ಗೊತ್ತು. ವ್ರತವನ್ನು ವಿಧಿಸಿದ ಆಚಾರ್ಯರಿಗೆ ಬ್ಯಾಕ್ಟೀರಿಯಾ ತಿಳಿದಿತ್ತೆಂದು ಇದರಿಂದ ಸಿದ್ಧವಾಗುವುದಿಲ್ಲ. ವ್ರತವನ್ನು ಪಾಲಿಸಿದ ಮನೆಯ ಎತ್ತಿಗೆ ಇಂಥ ಗಾಯಗಳ ಹಲವು ಕಾರಣಗಳು ತಪ್ಪುತ್ತಿದ್ದವೆಂಬುದು ಮಾತ್ರ ಸಿದ್ಧವಾಗುತ್ತದೆ.

೬

ಗೋಚಿಕಿತ್ಸೆಯ ಓಲೆಗಳು ಇಂದು ಪಂಡಿತರ ಮೇಜಿನ ಮೇಲಷ್ಟೇ ಉಳಿಯುವ ವಸ್ತುಗಳಲ್ಲ. ಚರ್ಮಗಂಟು ರೋಗ ಹಬ್ಬಿದ ದಿನಗಳಲ್ಲಿ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೇ ವೀಳ್ಯದೆಲೆ, ಕರಿಮೆಣಸು, ಉಪ್ಪು, ಬೆಲ್ಲಗಳ ಒಂದು ನಾಟಿ ಔಷಧಕ್ರಮವನ್ನು, ಹುಣ್ಣಿಗೆ ಹಚ್ಚಲು ಬೇವು, ಅರಿಸಿನ, ಬೆಳ್ಳುಳ್ಳಿ ಮೊದಲಾದವುಗಳ ಲೇಪವನ್ನು ಪ್ರಚಾರಪಡಿಸಿತು. ಹಳೆಯ ಯೋಗಗಳನ್ನು ಹುಡುಕುವ ಕಣ್ಣುಗಳು ಈಗ ಹಲವು. ಅಚ್ಚಾದ ಯೋಗವೊಂದನ್ನು ಓದಿದ ಗೋಪಾಲಕನು ಪಾಠಾಂತರವನ್ನು ನೋಡುವುದಿಲ್ಲ. ದ್ರವ್ಯಗಳನ್ನು ಅರೆದು ತನ್ನ ಹಸುವಿಗೆ ಹಚ್ಚುತ್ತಾನೆ. ಕಾವ್ಯದ ಅಪಪಾಠದಿಂದ ರಸಭಂಗವಾಗುತ್ತದೆ. ವೈದ್ಯದ ಅಪಪಾಠದಿಂದ ಪ್ರಾಣಭಂಗವಾಗುತ್ತದೆ.

ಆದ್ದರಿಂದ ಇಂಥ ಗ್ರಂಥಗಳ ಸಂಪಾದನೆಯಲ್ಲಿ ಕೆಲವು ನಿಯಮಗಳು ಅವಶ್ಯಕವೆನಿಸುತ್ತವೆ. ರೋಗದ ಹೆಸರನ್ನು ಮೂಲದಲ್ಲಿದ್ದಂತೆಯೇ ಉಳಿಸಿ, ಓಲೆಯಲ್ಲಿ ಹೇಳಿದ ಲಕ್ಷಣಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡಬೇಕು. ಇಂದಿನ ರೋಗಗಳೊಡನೆ ಹೋಲಿಕೆಯನ್ನು ಪಶುವೈದ್ಯರ ಸಹಕಾರದಿಂದ, ಸಂಭವವೆಂಬಂತೆ ಮಾತ್ರ ಸೂಚಿಸಬೇಕು. ಮುರಿದ ದ್ರವ್ಯನಾಮಗಳನ್ನೂ ಸಂದಿಗ್ಧವಾದ ತೂಕಗಳನ್ನೂ ಊಹೆಯಿಂದ ತುಂಬಬಾರದು. ವಿಷದ್ರವ್ಯಗಳು ಬಂದಲ್ಲಿ ಪಠ್ಯದ ಪುಟದಲ್ಲಿಯೇ ಎಚ್ಚರಿಕೆಯನ್ನು ಮುದ್ರಿಸಬೇಕು. ಯೋಗವು ಪರೀಕ್ಷಿತವೋ ಅಲ್ಲವೋ ಎಂಬುದನ್ನು ಸ್ಪಷ್ಟಪಡಿಸಬೇಕು. ೧೯೪೮ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಮೂಡುಬಿದಿರೆ ಮೊದಲಾದೆಡೆಗಳ ಭಂಡಾರಗಳ ಓಲೆಗಳನ್ನು ಎಣಿಸಿ ದಾರಿ ತೋರಿಸಿತು. ಎಣಿಕೆಯ ಬಳಿಕ ಆಗಬೇಕಾದುದು ಓದು. ವೈದ್ಯದ ಓಲೆಗಳ ಮಟ್ಟಿಗೆ ಆ ಓದು ಇನ್ನೂ ಬಹುಪಾಲು ಉಳಿದಿದೆ.

ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಉಮಾಸ್ವಾಮಿಗಳು ಕೊಂದವನ ಆಯುಧವನ್ನು ಎಣಿಸಲಿಲ್ಲ, ಪ್ರಮಾದವನ್ನು ಎಣಿಸಿದರು. ಅಜಾಗರೂಕತೆಯಿಂದ ಕೂಡಿದ ಮನೋವಾಕ್ಕಾಯಗಳಿಂದ ಪ್ರಾಣಕ್ಕೆ ಒದಗುವ ಹಾನಿಯೇ ಅಲ್ಲಿ ಹಿಂಸೆ. ಲೆಕ್ಕಣಿಕೆಯೂ ಲೇಖನಿಯೂ ಈ ಲಕ್ಷಣದ ಹೊರಗಿಲ್ಲ. ಮುರಿದ ಓಲೆಯ ‘ಹರಿ’ ಎಂಬ ಎರಡು ಅಕ್ಷರಗಳ ಮುಂದೆ ಸಂಪಾದಕನು ತಡೆದು ನಿಂತು, ಮುಂದೆ ಏನಿತ್ತೆಂದು ತಿಳಿಯದೆಂದು ಬರೆದರೆ ಅದು ಪಾಂಡಿತ್ಯದ ಕೊರತೆಯಲ್ಲ. ಎಂದೋ ಯಾವುದೋ ಕೊಟ್ಟಿಗೆಯಲ್ಲಿ ತನ್ನ ಹುಣ್ಣನ್ನು ನೆಕ್ಕಿಕೊಳ್ಳುವ ಒಂದು ಮೂಕಪ್ರಾಣಿಗೆ ಅವನು ಸಲ್ಲಿಸಿದ ಅಭಯ.